ಏಪ್ರಿಲ್‌ನ ದೇಶದಿಂದ ಜನವರಿಯ ದೇಶಕ್ಕೆ: ಮೈಸೂರು–ಸ್ಟುಟ್‌ಗಾರ್ಟ್ ತೆರಿಗೆ ಪ್ರಕರಣ

ಗಂಡ, ಹೆಂಡತಿ, ಐದು ವರ್ಷದ ಮಗಳು. ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಂಪನಿಯೊಂದರಲ್ಲಿ ವರ್ಷಕ್ಕೆ 72,000 ಯೂರೋ ಕೆಲಸ. ಭಾರತದ ಕಂಪನಿ ಡೆಪ್ಯುಟೇಶನ್ ಮೇಲೆ ಕಳಿಸಿದ್ದಲ್ಲ, ಅಲ್ಲಿನವರೇ ನೇರವಾಗಿ ತೆಗೆದುಕೊಂಡದ್ದು. ಮೈಸೂರಿನಲ್ಲಿ ಅವರಿಗೆ ತಿಂಗಳಿಗೆ 2 ಲಕ್ಷ ರೂಪಾಯಿ ಸಂಬಳವಿತ್ತು. ಊರಿನಲ್ಲಿ ಗಂಡನ ಹೆಸರಿನ ಮನೆಯಿದೆ, ಮೇಲಿನ ಮಹಡಿ 18,000 ರೂಪಾಯಿ ಬಾಡಿಗೆಗೆ ಹೋಗಿದೆ. ಗಂಡ 2024ರ ಆಗಸ್ಟ್ 31ಕ್ಕೆ ಕೆಲಸ ಬಿಟ್ಟು ಸೆಪ್ಟೆಂಬರ್ 10ಕ್ಕೆ ವಿಮಾನ ಹತ್ತಿದರು, ಅಕ್ಟೋಬರ್ 1ಕ್ಕೆ ಹೊಸ ಕೆಲಸ ಸೇರಿದರು. ಹೆಂಡತಿ, ಮಗಳು ಹೊರಟದ್ದು ಡಿಸೆಂಬರ್ 20ಕ್ಕೆ. ಹೆಂಡತಿಗೂ ಆ ವರ್ಷ ಡಿಸೆಂಬರ್‌ವರೆಗೆ ಸುಮಾರು 9 ಲಕ್ಷ ಸಂಬಳ ಬಂದಿತ್ತು.

ಇದು ಲೆಕ್ಕ ಬಿಡಿಸಿ ತೋರಿಸಲೆಂದು ಕಟ್ಟಿದ ಮಾದರಿ ಮನೆ. ಸಂಬಳದ ಅಂಕಿಗಳನ್ನು ದುಂಡಗೆ ಮಾಡಿದೆ. ತೆರಿಗೆ ದರ, ಮಿತಿ, ಗಡುವುಗಳು, ಸೆಕ್ಷನ್ ಮತ್ತು ಫಾರಂ ನಂಬರುಗಳು ಆಯಾ ವರ್ಷದ ನಿಜವಾದವು. ಗ್ರಾಚ್ಯುಟಿ, ರಜೆ ನಗದೀಕರಣ, ಪಿಎಫ್ ಇಲ್ಲಿ ಸೇರಿಲ್ಲ.

ವಿದೇಶಕ್ಕೆ ಹೊರಟವರು ಮೊದಲು ಕೇಳುವುದು ‘ಅಲ್ಲಿ ಟ್ಯಾಕ್ಸ್ ಎಷ್ಟು ಪರ್ಸೆಂಟ್?’ ಅಂತ. ಈ ಪ್ರಕರಣದಲ್ಲಿ ದುಡ್ಡು ಹೋದದ್ದೂ ಉಳಿದದ್ದೂ ಪರ್ಸೆಂಟ್‌ನಿಂದಲ್ಲ, ತಾರೀಖಿನಿಂದ. ಭಾರತದ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್, ಜರ್ಮನಿಯದು ಜನವರಿಯಿಂದ ಡಿಸೆಂಬರ್. ಎರಡೂ ಒಂದರ ಮೇಲೊಂದು ಹತ್ತಿ ಕೂತ ತಿಂಗಳುಗಳಲ್ಲೇ ಎಲ್ಲ ಗೋಜಲು.

ಒಂದೇ ಮನೆ, ಒಬ್ಬರು ಎನ್‌ಆರ್‌ಐ, ಒಬ್ಬರು ರೆಸಿಡೆಂಟ್

ಗಂಡ 2024–25ರ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಇದ್ದದ್ದು ಏಪ್ರಿಲ್ 1ರಿಂದ ಸೆಪ್ಟೆಂಬರ್ 10ರವರೆಗೆ, ಹೊರಟ ದಿನವನ್ನೂ ಹಿಡಿದು 163 ದಿನ. ಕೆಲಸಕ್ಕೆಂದು ದೇಶ ಬಿಡುವ ಭಾರತೀಯ ನಾಗರಿಕರಿಗೆ ಗಡಿ 182 ದಿನ. ಹಾಗಾಗಿ ಇಡೀ ವರ್ಷಕ್ಕೆ ಅವರು ಅನಿವಾಸಿ, ಜರ್ಮನಿಯ ಸಂಬಳವನ್ನು ಭಾರತ ಮುಟ್ಟುವುದಿಲ್ಲ. ಬೆರಳು ಮಡಚಿ ಎಣಿಸಿ ನೋಡಿ: ಸೆಪ್ಟೆಂಬರ್ 28ಕ್ಕೆ 181 ದಿನ, 29ಕ್ಕೆ 182. ಟಿಕೆಟ್ ಅಗ್ಗವೆಂದು ಒಂದು ದಿನ ಮುಂದೆ ಹಾಕಿಕೊಂಡವರು ಅಲ್ಲೇ ರೆಸಿಡೆಂಟ್ ಆಗಿಬಿಡುತ್ತಾರೆ. ಆಮೇಲೆ ಜರ್ಮನಿಯ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಿ, ಎರಡು ದೇಶಗಳ ತೆರಿಗೆ ಒಪ್ಪಂದ ಹಿಡಿದು ವಾದಿಸುತ್ತ ಕೂರಬೇಕು.

ಹೆಂಡತಿಯದು ಏಪ್ರಿಲ್ 1ರಿಂದ ಡಿಸೆಂಬರ್ 20ಕ್ಕೆ 264 ದಿನ. ಆಕೆ ಆ ವರ್ಷ ಪೂರ್ತಿ ರೆಸಿಡೆಂಟ್. ‘ನಾವು ಎನ್‌ಆರ್‌ಐ ಆದೆವು’ ಎಂದು ಮನೆಮಂದಿಯನ್ನೆಲ್ಲ ಒಟ್ಟಿಗೆ ಹೇಳಿಬಿಡುವುದು ಇಲ್ಲಿ ತಪ್ಪಾಗುತ್ತದೆ. ಆಕೆ ಡಿಸೆಂಬರ್ ಕೊನೆಯ ವಾರದಲ್ಲಿ ಗಂಡನ ಜರ್ಮನ್ ಬ್ಯಾಂಕ್ ಖಾತೆಗೆ ಜಂಟಿಯಾಗಿ ಸೇರಿಕೊಂಡರು. ಆ ಖಾತೆಯಲ್ಲಿ ಆಕೆಯ ದುಡ್ಡು ಒಂದು ಸೆಂಟ್ ಇಲ್ಲದಿದ್ದರೂ, ರೆಸಿಡೆಂಟ್ ಆದವರು ವಿದೇಶಿ ಖಾತೆಯನ್ನು ರಿಟರ್ನ್‌ನ ‘ಷೆಡ್ಯೂಲ್ ಎಫ್‌ಎ’ಯಲ್ಲಿ ತೋರಿಸಲೇಬೇಕು. ಭಾರತದ್ದೇ ಆದರೂ ಈ ಷೆಡ್ಯೂಲ್ ಮಾತ್ರ ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ್ದು. ಹಾಗಾಗಿ ಆಕೆಗೆ ಐಟಿಆರ್-1 ಎಂಬ ಸರಳ ರಿಟರ್ನ್ ಫಾರಂ ನಡೆಯದು, ಐಟಿಆರ್-2 ಹಾಕಬೇಕು. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡದ ಮಾತಿದೆ. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದೊಳಗಿನ ಆಸ್ತಿಗೆ ಆ ದಂಡ ಹಾಕುವುದಿಲ್ಲ, ಆದರೆ ತೋರಿಸಬೇಕೆಂಬ ನಿಯಮ ಹೋಗಿಲ್ಲ. ಖಾತೆಗೆ ಜನವರಿ 2ಕ್ಕೆ ಸೇರಿದ್ದರೆ ಆ ವರ್ಷದ ರಿಟರ್ನ್‌ನಲ್ಲಿ ಈ ಕೆಲಸವೇ ಬೀಳುತ್ತಿರಲಿಲ್ಲ.

ಅಂಚೆಪೆಟ್ಟಿಗೆಯ ಮೇಲಿನ ಹೆಸರು

ಜರ್ಮನಿಯಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಬೇಕಾದ್ದು ಪಾಸ್‌ಪೋರ್ಟ್, ಫಾರಂ, ಮನೆ ಕೊಟ್ಟವರ ಸಹಿಯಿರುವ ದೃಢೀಕರಣ ಪತ್ರ. ಬಾಡಿಗೆ ಕರಾರು ಪತ್ರ ತೋರಿಸಿದರೆ ಸಾಲದು, ಆ ಪತ್ರವೇ ಬೇಕು. ನೋಂದಣಿಯಾದ ಕೆಲವು ವಾರಗಳಲ್ಲಿ ಬಾನ್‌ನ ಕೇಂದ್ರ ತೆರಿಗೆ ಕಚೇರಿಯಿಂದ 11 ಅಂಕಿಯ ‘ಸ್ಟೊಯರ್ ಐಡಿ’ ಅಂಚೆಯಲ್ಲಿ ಬರುತ್ತದೆ. ಇದು ನಮ್ಮ ಪ್ಯಾನ್ ಇದ್ದ ಹಾಗೆ, ಜೀವನಪರ್ಯಂತ ಒಂದೇ. ಮುಂದೆ ರಿಟರ್ನ್ ಹಾಕಿದಾಗ ಸ್ಥಳೀಯ ತೆರಿಗೆ ಕಚೇರಿ, ಅಂದರೆ ‘ಫಿನಾಂಟ್ಸ್‌ಆಮ್ಟ್’, ಕೊಡುವ ‘ಸ್ಟೊಯರ್ ನಂಬರ್’ ಬೇರೆ. ಊರು ಬದಲಾದರೆ ಅದೂ ಬದಲಾಗುತ್ತದೆ.

ಗಂಡ ಇದ್ದದ್ದು ಇನ್ನೊಬ್ಬ ಬಾಡಿಗೆದಾರರಿಂದ ಪಡೆದ ಒಂದು ಕೋಣೆಯಲ್ಲಿ. ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ಅವರ ಹೆಸರಿರಲಿಲ್ಲ. ಜರ್ಮನಿಯಲ್ಲಿ ಫ್ಲಾಟ್‌ಗೆ ನಂಬರ್ ಇರುವುದು ಅಪರೂಪ, ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿಯೇ ಕಾಗದ ಹಾಕುವುದು. ಹೆಸರು ಕಾಣದೆ ಐಡಿಯ ಕಾಗದ ವಾಪಸು ಹೋಯಿತು. ಅಕ್ಟೋಬರ್ ಸಂಬಳದ ಹೊತ್ತಿಗೆ ಐಡಿ ಇಲ್ಲ. ನೌಕರನ ತಪ್ಪಿಲ್ಲದಿದ್ದರೆ ಮೂರು ತಿಂಗಳವರೆಗೆ ಅಂದಾಜು ತೆರಿಗೆ ವರ್ಗದಲ್ಲಿ (ಸಂಬಳದಿಂದ ತಿಂಗಳಿಗೆ ಎಷ್ಟು ತೆರಿಗೆ ಮುರಿಯಬೇಕೆಂದು ಗೊತ್ತುಮಾಡುವುದು ಈ ವರ್ಗ) ಕಡಿತ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಸಂಬಳ ವಿಭಾಗ ಸುಮ್ಮನೆ 6ನೇ ತೆರಿಗೆ ವರ್ಗ ಹಾಕಿತು. ಆ ವರ್ಗದಲ್ಲಿ ವಿನಾಯಿತಿ ಮಿತಿಯೇ ಇಲ್ಲ. 1,160 ಯೂರೋ ಆಸುಪಾಸು ಹೋಗಬೇಕಿದ್ದ ತೆರಿಗೆ 1,700 ದಾಟಿತು.

ಪರಿಹಾರ ಸರಳ. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ, ಪಾಸ್‌ಪೋರ್ಟ್ ಮತ್ತು ನೋಂದಣಿ ಪತ್ರ ಹಿಡಿದು ತೆರಿಗೆ ಕಚೇರಿಗೆ ಹೋಗಿ ಐಡಿ ಕೇಳಿ ಪಡೆದರು. ನವೆಂಬರ್ ಸಂಬಳದಲ್ಲಿ ಕಂಪನಿ ಹಿಂದಿನದನ್ನೂ ಸರಿಪಡಿಸಿತು. ಚೀಟಿಯನ್ನು ಮೊದಲ ದಿನವೇ ಅಂಟಿಸಿದ್ದರೆ ಇಷ್ಟೆಲ್ಲ ಇರಲಿಲ್ಲ.

ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಒಂದಿದೆ. ಅದು ಚರ್ಚ್ ತೆರಿಗೆಗಾಗಿ. ಹಿಂದೂಗಳಿಗೆ ಇದು ಅನ್ವಯಿಸುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಕಥೋಲಿಕರಿಗೆ ಅನ್ವಯಿಸುತ್ತದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ ಮತ್ತು ಬವೇರಿಯಾದಲ್ಲಿ ಅದು ಶೇ 8, ಉಳಿದೆಡೆ ಶೇ 9. ಸಂಬಳದ ಶೇ 8 ಅಲ್ಲ, ಆದಾಯ ತೆರಿಗೆಯ ಶೇ 8: ಈ ಸಂಬಳಕ್ಕೆ ತಿಂಗಳಿಗೆ 93 ಯೂರೋ ಸುಮಾರು.

6,000 ಯೂರೋ ಸಂಬಳದ ಚೀಟಿ

ಹೆಂಡತಿ ಇನ್ನೂ ಭಾರತದಲ್ಲಿದ್ದಾಗ ಗಂಡ 1ನೇ ವರ್ಗ, ಅಂದರೆ ಒಂಟಿಯಾಗಿರುವವರ ತೆರಿಗೆ ವರ್ಗ. 2024ರ ದರದಲ್ಲಿ ಒಂದು ತಿಂಗಳು ಹೀಗೆ ಹರಿದುಹೋಗುತ್ತದೆ. ಪಿಂಚಣಿಗೆ ಶೇ 9.3ರಂತೆ 558, ನಿರುದ್ಯೋಗ ವಿಮೆಗೆ ಶೇ 1.3ರಂತೆ 78. ಆರೋಗ್ಯ ವಿಮೆಯನ್ನು ಪೂರ್ತಿ 6,000ಕ್ಕೆ ಹಾಕುವುದಿಲ್ಲ, 5,175ರ ಮಿತಿಗೆ ಮಾತ್ರ. ನೌಕರನ ಪಾಲು 422ರ ಹತ್ತಿರ. ವೃದ್ಧಾಪ್ಯದ ಆರೈಕೆ ವಿಮೆಗೆ ಅದೇ ಮಿತಿಯ ಮೇಲೆ ಶೇ 1.7, ಅಂದರೆ 88. ಆದಾಯ ತೆರಿಗೆ 1,160. ‘ಐಕ್ಯ ತೆರಿಗೆ’ ಎಂಬ ಹೆಚ್ಚುವರಿ ಈ ಮಟ್ಟದ ಸಂಬಳಕ್ಕೆ ತಾಗುವುದಿಲ್ಲ. ಕೈಗೆ ಬರುವುದು 3,690 ಸುಮಾರು.

ಆರೈಕೆ ವಿಮೆಯಲ್ಲಿ ಒಂದು ಸೂಕ್ಷ್ಮವಿದೆ. 23 ದಾಟಿದ, ಮಕ್ಕಳಿಲ್ಲದವರಿಗೆ ಶೇ 0.6 ಹೆಚ್ಚು, ಇಲ್ಲಿ ತಿಂಗಳಿಗೆ 31 ಯೂರೋ. ಮಗು ಜರ್ಮನಿಯಲ್ಲೇ ಇರಬೇಕೆಂದಿಲ್ಲ, ಮೈಸೂರಿನಲ್ಲಿದ್ದರೂ ನೀವು ಪೋಷಕರೇ. ಜನನ ಪ್ರಮಾಣಪತ್ರವನ್ನು ಮೊದಲ ವಾರವೇ ಎಚ್‌ಆರ್‌ಗೆ ಕೊಡಬೇಕು.

ಪಿಂಚಣಿಯ 558 ತಪ್ಪಿಸಬಹುದೇ ಎಂದು ಕೇಳುವವರಿದ್ದಾರೆ. ಭಾರತ–ಜರ್ಮನಿ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಭಾರತದ ಕಂಪನಿಯೇ ಕಳಿಸಿದವರು ಭವಿಷ್ಯ ನಿಧಿ ಸಂಸ್ಥೆ ಇಪಿಎಫ್‌ಒದಿಂದ ಪ್ರಮಾಣಪತ್ರ ತಂದು 48 ತಿಂಗಳವರೆಗೆ ಜರ್ಮನಿಯಲ್ಲಿ ಕಟ್ಟದೆ ಇರಬಹುದು. ಜರ್ಮನಿಯ ಕಂಪನಿಗೆ ನೇರವಾಗಿ ಸೇರಿದವರಿಗೆ ಆ ಸೌಲಭ್ಯವಿಲ್ಲ.

ತೆರಿಗೆ ಅಂದುಕೊಂಡದ್ದು, ಅಲ್ಲ ಅಂದುಕೊಂಡದ್ದು

ಅಂಗಡಿಯ ಬೆಲೆಯಲ್ಲೇ ವ್ಯಾಟ್ ಸೇರಿರುತ್ತದೆ. ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಮುಂದೆ ಒಂದು ಅಕ್ಷರ, ಕೆಳಗೆ ಯಾವ ಅಕ್ಷರಕ್ಕೆ ಶೇ 7, ಯಾವುದಕ್ಕೆ ಶೇ 19 ಎಂದು ಇರುತ್ತದೆ. ಅಕ್ಕಿ, ಬೇಳೆ, ಹಾಲು, ಕಾಫಿಪುಡಿ ಶೇ 7. ಬಾಟಲಿ ನೀರು ಶೇ 19. ಓಟ್ಸ್ ಹಾಲು ಕೂಡ, ಅದು ಹಾಲಲ್ಲವಂತೆ. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಸೇರಿಸುವ 25 ಸೆಂಟ್ ತೆರಿಗೆಯಲ್ಲ, ಠೇವಣಿ. ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು.

ಇನ್ನೊಂದು, ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಟಿವಿ ಇಲ್ಲ, ರೇಡಿಯೋ ಇಲ್ಲ ಎಂದರೆ ನಡೆಯುವುದಿಲ್ಲ, ಮನೆ ಇದೆಯಲ್ಲ! ವಿಳಾಸ ನೋಂದಣಿಯ ಮಾಹಿತಿ ತಾನೇ ಶುಲ್ಕ ವಸೂಲಿ ಮಾಡುವ ಕಚೇರಿಗೆ ಹೋಗುತ್ತದೆ. ಗಂಡ ಮೊದಲ ಪತ್ರ ನೋಡಿ ಮೋಸದ ಕಾಗದವೆಂದು ಬಿಸಾಡಿದರು. ಕೊನೆಗೆ ಸೆಪ್ಟೆಂಬರ್‌ನಿಂದ ನಾಲ್ಕು ತಿಂಗಳ 73.44, ಮೇಲೆ 8 ಯೂರೋ ತಡದ ದಂಡ. ಒಂದೇ ಮನೆಯಲ್ಲಿ ಹಲವರಿದ್ದರೆ ಒಬ್ಬರು ಕಟ್ಟಿದರೆ ಸಾಕು, ಕಟ್ಟುವವರ ನಂಬರನ್ನು ಉಳಿದವರು ಬರೆದು ಕಳಿಸಬೇಕು. ಗಂಡನಿದ್ದ ಮನೆಯಲ್ಲಿ ಮೂಲ ಬಾಡಿಗೆದಾರರೂ ವಾಸವಿದ್ದು ಕಟ್ಟುತ್ತಿದ್ದರೆ ಆ ಒಂದು ಪತ್ರದಲ್ಲೇ ಮುಗಿಯುತ್ತಿತ್ತು. ಅವರು ಅಲ್ಲಿರಲಿಲ್ಲ.

ಹೆಂಡತಿಯ ಚಿನ್ನದ ಮಾತು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ವಿಮಾನದಲ್ಲಿ ಬರುವವರು ತರಬಹುದಾದ ಸಾಮಾನಿನ ತೆರಿಗೆರಹಿತ ಮಿತಿ 430 ಯೂರೋ. ಒಂದು ಎಳೆ ಸರಕ್ಕೂ ಅದು ಸಾಲದು. ಆದರೆ ವಾಸ ಬದಲಿಸುವವರ ಸ್ವಂತ ವಸ್ತುಗಳಿಗೆ ಬೇರೆ ನಿಯಮವಿದೆ. ಕನಿಷ್ಠ 12 ತಿಂಗಳು ಹೊರಗೆ ವಾಸವಿದ್ದು, 6 ತಿಂಗಳಾದರೂ ಬಳಸಿದ ವಸ್ತುವಾಗಿದ್ದು, ವಾಸ ಬದಲಿಸಿದ 12 ತಿಂಗಳೊಳಗೆ ತಂದು, ಮುಂದಿನ 12 ತಿಂಗಳು ಮಾರದಿದ್ದರೆ ಸುಂಕವಿಲ್ಲ. ಜೊತೆಗೆ ಇನ್ನೊಂದು ಷರತ್ತು: ಒಡವೆಗಳ ಪಟ್ಟಿ, ಫೋಟೋ, ಮದುವೆ ಕಾಲದ ಬಿಲ್ಲು ಹಿಡಿದು ಕೆಂಪು ಸಾಲಿನಲ್ಲಿ ಹೋಗಿ ತಾವೇ ಹೇಳಬೇಕು. ಹಸಿರು ಸಾಲಿನಲ್ಲಿ ಸಿಕ್ಕಿಬಿದ್ದರೆ ಸುಂಕ, ಶೇ 19 ಆಮದು ವ್ಯಾಟ್, ಜೊತೆಗೆ ದಂಡ. ಬೆಂಗಳೂರಿನಲ್ಲಿ ಹೊರಡುವಾಗಲೂ ಕಸ್ಟಮ್ಸ್‌ನಲ್ಲಿ ಒಡವೆಯ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ವಾಪಸು ಬರುವಾಗ ಭಾರತದಲ್ಲಿ ಪ್ರಶ್ನೆ ಏಳುವುದಿಲ್ಲ. ತುಪ್ಪದ ಡಬ್ಬಿ ಮಾತ್ರ ಯಾವ ಸಾಲಿನಲ್ಲೂ ದಾಟುವುದಿಲ್ಲ, ಹೊರಗಿನ ಹಾಲಿನ ಉತ್ಪನ್ನಕ್ಕೆ ಒಕ್ಕೂಟದಲ್ಲಿ ಪ್ರವೇಶವಿಲ್ಲ.

ಡಿಸೆಂಬರ್‌ನ ಟಿಕೆಟ್‌ಗೆ 900 ಯೂರೋ

ಇಡೀ ಪ್ರಕರಣದ ತಿರುಳು ಇಲ್ಲಿದೆ. 2024ರಲ್ಲಿ ಗಂಡನಿಗೆ ಜರ್ಮನಿಯಲ್ಲಿ ಮೂರು ತಿಂಗಳ 18,000 ಯೂರೋ ಮಾತ್ರ ಸಿಕ್ಕಿತು. ಆದರೆ ತಿಂಗಳ ಕಡಿತ ಮಾಡುವುದು ವರ್ಷಪೂರ್ತಿ 72,000 ಬರುತ್ತದೆಂಬ ಲೆಕ್ಕದಲ್ಲಿ. ಮೂರು ತಿಂಗಳಿಗೆ 3,480 ಹೋಗಿದೆ. ವಿಮೆ, ಉದ್ಯೋಗದ ಖರ್ಚಿಗೆ ಕೊಡುವ 1,230ರ ಕಡಿತ ಎಲ್ಲ ತೆಗೆದರೆ ತೆರಿಗೆಗೆ ಒಳಪಡುವ ಆದಾಯ 13,600. ಆ ವರ್ಷದ ವಿನಾಯಿತಿ ಮಿತಿ ಒಬ್ಬರಿಗೆ 11,784, ದಂಪತಿ ಒಟ್ಟಿಗೆ ರಿಟರ್ನ್ ಹಾಕಿದರೆ 23,568. ಹಾಗಾದರೆ ತೆರಿಗೆ ಸೊನ್ನೆ, 3,480 ಪೂರ್ತಿ ವಾಪಸು! ಹೊಸಬರ ಗುಂಪುಗಳಲ್ಲಿ ಹರಿದಾಡುವ ಲೆಕ್ಕವೂ ಇದೇ.

ಇದು ಅರ್ಧ ಸರಿ. ವರ್ಷದ ಮಧ್ಯೆ ಬಂದವರ ಆ ವರ್ಷದ ವಿದೇಶಿ ಆದಾಯಕ್ಕೆ ಜರ್ಮನಿ ತೆರಿಗೆ ಹಾಕುವುದಿಲ್ಲ, ಆದರೆ ದರ ಗೊತ್ತುಮಾಡುವಾಗ ಅದನ್ನು ಸೇರಿಸಿಕೊಳ್ಳುತ್ತದೆ. ಇದರ ಹೆಸರು ‘ಪ್ರೋಗ್ರೆಶನ್ಸ್‌ಫೋರ್‌ಬೆಹಾಲ್ಟ್’. ಹೆಸರು ಹೇಳಲು ಬಾರದಿದ್ದರೂ ಪರವಾಗಿಲ್ಲ, ಲೆಕ್ಕ ಗೊತ್ತಿರಲಿ. ಯೂರೋಗೆ 90.5 ರೂಪಾಯಿಯಂತೆ ಗಂಡನ ಜನವರಿ–ಆಗಸ್ಟ್ ಸಂಬಳ 16 ಲಕ್ಷ ಅಂದರೆ 17,700. ಹೆಂಡತಿಯ 9 ಲಕ್ಷದಲ್ಲಿ 1,230 ಕಳೆದು 8,700. ಬಾಡಿಗೆಯಲ್ಲಿ ಖರ್ಚು, ಸವಕಳಿ ಕಳೆದು 600 ಎನ್ನೋಣ. ಒಟ್ಟು 27,000. ಇದನ್ನು 13,600ಕ್ಕೆ ಕೂಡಿದರೆ 40,600. ದಂಪತಿಯ ಲೆಕ್ಕದಲ್ಲಿ ಅದರ ಮೇಲಿನ ತೆರಿಗೆ 3,600, ಅಂದರೆ ಶೇ 8.87. ಈ ದರವನ್ನು 13,600ಕ್ಕೆ ಮಾತ್ರ ಹಾಕುತ್ತಾರೆ: 1,206 ಯೂರೋ. ವಾಪಸು ಬರುವುದು 2,274.

ಹೆಂಡತಿಯ ಸಂಬಳ ಸೇರಿಸಿ ದರ ಏರಿಸಿಕೊಳ್ಳುವ ಬದಲು ಗಂಡ ಒಬ್ಬರೇ ಹಾಕಿದ್ದರೆ? ದರ ಶೇ 15.56, ತೆರಿಗೆ 2,116, ವಾಪಸು 1,364 ಮಾತ್ರ. ಜಂಟಿ ರಿಟರ್ನ್‌ನಿಂದ 910 ಯೂರೋ ಉಳಿಯಿತು. ಅದಕ್ಕಿರುವ ಷರತ್ತು, ದಂಪತಿ ಇಬ್ಬರೂ ಆ ಕ್ಯಾಲೆಂಡರ್ ವರ್ಷದಲ್ಲಿ ಯಾವಾಗಲಾದರೂ ಜರ್ಮನಿಯಲ್ಲಿ ಒಟ್ಟಿಗೆ ವಾಸ ಹೂಡಿರಬೇಕು. ಕೊನೆಯ ಹತ್ತು ದಿನವಾದರೂ ನಡೆಯುತ್ತದೆ. ಹೆಂಡತಿ ಡಿಸೆಂಬರ್ 21ಕ್ಕೆ ಬಂದಿಳಿದದ್ದರಿಂದ ಅದು ದಕ್ಕಿತು; ಹೊಸ ವರ್ಷದ ಮೇಲೆ ಬಂದಿದ್ದರೆ ಹೋಗುತ್ತಿತ್ತು. ಮಗಳ ‘ಕಿಂಡರ್‌ಗೆಲ್ಡ್’, ಅಂದರೆ ಮಕ್ಕಳಿಗಾಗಿ ಸರ್ಕಾರ ತಿಂಗಳಿಗೆ ಕೊಡುವ ದುಡ್ಡು, ಕೂಡ ಹಾಗೆಯೇ, ತಿಂಗಳಲ್ಲಿ ಒಂದು ದಿನ ಅರ್ಹತೆಯಿದ್ದರೂ ಆ ತಿಂಗಳ ಪೂರ್ತಿ ದುಡ್ಡು: ಡಿಸೆಂಬರ್‌ಗೆ 250 ಯೂರೋ, 2025ರಲ್ಲಿ 255. ಅರ್ಜಿಯನ್ನು ಆರು ತಿಂಗಳಿಗಿಂತ ತಡಮಾಡಿದರೆ ಹಳೆಯದು ಸಿಗದು.

ಜನವರಿಯಿಂದ ಹೆಂಡತಿಗೆ ಕೆಲಸವಿಲ್ಲ. ನೋಂದಣಿಯಾದ ಮೇಲೆ ಇಬ್ಬರೂ ತಾನಾಗಿ 4ನೇ ವರ್ಗಕ್ಕೆ ಬೀಳುತ್ತಾರೆ. ಅರ್ಜಿ ಹಾಕಿ ಗಂಡ 3, ಹೆಂಡತಿ 5 ಎಂದು ಬದಲಿಸಿಕೊಂಡರೆ ತಿಂಗಳಿಗೆ 450 ಯೂರೋ ಆಸುಪಾಸು ಹೆಚ್ಚು ಕೈಗೆ ಬರುತ್ತದೆ. ಬದಲಾವಣೆ ಅರ್ಜಿಯ ಮರುತಿಂಗಳಿನಿಂದ. ವರ್ಷದ ಒಟ್ಟು ತೆರಿಗೆ ಮಾತ್ರ ಎರಡರಲ್ಲೂ ಒಂದೇ, ಮುಂಚೆ ಬರುವುದೋ ರಿಫಂಡ್ ಆಗಿ ಬರುವುದೋ ಅಷ್ಟೇ ವ್ಯತ್ಯಾಸ.

ರಿಟರ್ನ್ ಇಲ್ಲಿ ಐಚ್ಛಿಕವಲ್ಲ. ದರದ ಲೆಕ್ಕಕ್ಕೆ ಸೇರುವ ಆದಾಯ 410 ಯೂರೋ ದಾಟಿದರೆ ಹಾಕಲೇಬೇಕು; 2024ರದ್ದಕ್ಕೆ ಗಡುವು 2025ರ ಜುಲೈ 31. ‘ಎಲ್‌ಸ್ಟರ್’ ಜಾಲತಾಣದಲ್ಲಿ ಉಚಿತವಾಗಿ ಹಾಕಬಹುದು, ಖಾತೆ ತೆರೆಯುವ ಕೋಡ್ ಅಂಚೆಯಲ್ಲಿ ಬರುವುದರಿಂದ ಎರಡು ವಾರ ಮುಂಚೆ ಶುರುಮಾಡಬೇಕು. ಭಾರತದ ಸಂಬಳ ಹೋಗುವುದು ‘ಡಬ್ಲ್ಯೂಎ-ಇಎಸ್‌ಟಿ’ ಎಂಬ ಅನುಬಂಧಕ್ಕೆ. ಬಹಳ ಜನ ಬಿಡುವುದು ಇದನ್ನೇ.

ಅದಕ್ಕೆ ಪುರಾವೆ ಏನು? ಎಲ್ಲರೂ ಭಾರತದ ಕಂಪನಿ ಕೊಡುವ ಫಾರಂ 16, ಅಂದರೆ ವರ್ಷದ ಸಂಬಳ-ತೆರಿಗೆ ಪ್ರಮಾಣಪತ್ರ, ಹಿಡಿದು ಬರುತ್ತಾರೆ. ಅದು ಏಪ್ರಿಲ್–ಮಾರ್ಚ್‌ನದು, ಜರ್ಮನಿಯ ತೆರಿಗೆ ಕಚೇರಿಗೆ ಬೇಕಾದ್ದು ಜನವರಿಯಿಂದ. ಜನವರಿ, ಫೆಬ್ರವರಿ, ಮಾರ್ಚ್‌ನ ಸಂಬಳದ ಚೀಟಿಗಳು ಹಳೆಯ ಕಂಪನಿಯ ಪೋರ್ಟಲ್‌ನಲ್ಲಿರುತ್ತವೆ, ಕೆಲಸದ ಕೊನೆಯ ದಿನ ಪೋರ್ಟಲ್ ಮುಚ್ಚಬಹುದು. ಕೊನೆಯ ವಾರದಲ್ಲೇ ಎಲ್ಲ ಚೀಟಿ ಇಳಿಸಿಕೊಳ್ಳಿ. ಒಟಿಪಿ ಬರುವ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸುವುದೂ ಅದೇ ವಾರದ ಕೆಲಸ.

ಬಾಡಿಗೆದಾರರ ತಲೆಗೆ ಬಂದ ಟಿಡಿಎಸ್

ಭಾರತದ ಕಡೆ ಗಂಡನಿಗೆ ಖುಷಿಯ ಸುದ್ದಿಯೂ ಇತ್ತು. ಕಂಪನಿ 24 ಲಕ್ಷ ವಾರ್ಷಿಕವೆಂದು ಹಿಡಿದು ಐದು ತಿಂಗಳಲ್ಲಿ 1.68 ಲಕ್ಷ ಟಿಡಿಎಸ್ ಮುರಿದಿತ್ತು. ನಿಜವಾದ ಆದಾಯ ಏಪ್ರಿಲ್–ಆಗಸ್ಟ್‌ನ 10 ಲಕ್ಷದಲ್ಲಿ ಸಂಬಳದಾರರಿಗೆ ಸಿಗುವ 75,000ದ ಕಡಿತ ಕಳೆದು, ಬಾಡಿಗೆಯ ಶೇ 70 (ಉಳಿದ ಶೇ 30 ಕಡಿತ) ಕೂಡಿ 10.76 ಲಕ್ಷ. ಹೊಸ ಪದ್ಧತಿಯಲ್ಲಿ ತೆರಿಗೆ, ಸೆಸ್ ಸೇರಿ 64,000ದ ಹತ್ತಿರ. ಲಕ್ಷಕ್ಕೂ ಮೇಲೆ ವಾಪಸು. ರಿಫಂಡ್‌ಗೆ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ, ಅಂದರೆ ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆಗೆ, ಬದಲಿಸಿ, ಪೋರ್ಟಲ್‌ನಲ್ಲಿ ಅದನ್ನು ದೃಢೀಕರಿಸಿಕೊಳ್ಳಬೇಕು.

ಬಾಡಿಗೆಯದು ಬೇರೆ ಕಥೆ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ಆಗಿನ 195ನೇ ಸೆಕ್ಷನ್‌ನಡಿ ಶೇ 31.2 ಟಿಡಿಎಸ್ ಮುರಿಯಬೇಕು. ‘ತಿಂಗಳಿಗೆ 50,000 ದಾಟಿದರೆ ಮಾತ್ರ’ ಎಂಬುದು ರೆಸಿಡೆಂಟ್ ಮಾಲೀಕರ ನಿಯಮ, ಇಲ್ಲಿ ಮೊದಲ ರೂಪಾಯಿಯಿಂದಲೇ. 18,000ದಲ್ಲಿ 5,616 ಮುರಿದು 12,384 ಕೊಡಬೇಕು. ಅದಕ್ಕೆ ಬಾಡಿಗೆದಾರರು ತೆರಿಗೆ ಮುರಿಯುವವರಿಗೆ ಕೊಡುವ ಟ್ಯಾನ್ ನಂಬರ್ ಮಾಡಿಸಿ, ಮರುತಿಂಗಳ 7ರೊಳಗೆ ಕಟ್ಟಿ, ಮೂರು ತಿಂಗಳಿಗೊಮ್ಮೆ 27ಕ್ಯೂ ಎಂಬ ಟಿಡಿಎಸ್ ಲೆಕ್ಕಪತ್ರ ಸಲ್ಲಿಸಬೇಕು. ಮುರಿಯದಿದ್ದರೆ ನೋಟಿಸ್ ಬರುವುದು ಅವರಿಗೆ. ಸುಮ್ಮನಿದ್ದುಬಿಡೋಣ ಎನ್ನುವ ಮಾಲೀಕರು ಪಾಪದ ಬಾಡಿಗೆದಾರರನ್ನು ಸಿಕ್ಕಿಸಿದಂತೆಯೇ.

ಸರಿಯಾದ ದಾರಿ, ಫಾರಂ 13ರಲ್ಲಿ ಕಡಿಮೆ ದರದ ಪ್ರಮಾಣಪತ್ರಕ್ಕೆ ಅರ್ಜಿ. 2025–26ರಲ್ಲಿ ಗಂಡನಿಗೆ ಭಾರತದಲ್ಲಿರುವುದು ಕಡಿತದ ನಂತರ ಒಂದೂವರೆ ಲಕ್ಷ ಬಾಡಿಗೆ, ಚೂರುಪಾರು ಬಡ್ಡಿ. 4 ಲಕ್ಷದ ವಿನಾಯಿತಿಯೊಳಗೇ ಇದೆ. ಪ್ರಮಾಣಪತ್ರವಿಲ್ಲದಿದ್ದರೆ ವರ್ಷಕ್ಕೆ 67,392 ರೂಪಾಯಿ ರಿಟರ್ನ್ ಹಾಕುವವರೆಗೆ ಸಿಕ್ಕಿಕೊಂಡಿರುತ್ತದೆ. ಊರಿನ ಆಡಿಟರ್‌ಗೆ ಹೇಳಿ ಬಾಡಿಗೆದಾರರ ಟ್ಯಾನ್ ಮತ್ತು 27ಕ್ಯೂ ಖರ್ಚನ್ನು ಮಾಲೀಕರೇ ಹೊತ್ತರು. ನ್ಯಾಯವೂ ಅದೇ.

ಎಫ್‌ಡಿ ಬಡ್ಡಿಗೂ ಎನ್‌ಆರ್‌ಒದಲ್ಲಿ ಶೇ 31.2 ಮುರಿಯುತ್ತಾರೆ. ಒಪ್ಪಂದದ ಪ್ರಕಾರ ಶೇ 10ಕ್ಕೆ ಇಳಿಸಲು ಜರ್ಮನಿಯ ನಿವಾಸ ಪ್ರಮಾಣಪತ್ರ, ಫಾರಂ 10ಎಫ್ ಬೇಕು. ಇಷ್ಟು ಚಿಕ್ಕ ಮೊತ್ತಕ್ಕೆ ಅದರ ಹಿಂದೆ ಓಡುವುದು ವ್ಯರ್ಥ, ರಿಟರ್ನ್ ಹಾಕಿದರೆ ಪೂರ್ತಿ ಬರುತ್ತದೆ. ಎಚ್ಚರ ಬೇಕಾದ್ದು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯಲ್ಲಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಜರ್ಮನಿಯಲ್ಲಿ ಇದೆ: ದಂಪತಿಗೆ ವರ್ಷಕ್ಕೆ 2,000 ಯೂರೋ ದಾಟಿದ ಬಡ್ಡಿ, ಡಿವಿಡೆಂಡ್‌ಗೆ ಶೇ 26.375. ಎರಡು ದೇಶಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತವೆ.

ಜರ್ಮನಿಯ ತೆರಿಗೆ ನಿರ್ಣಯ ಪತ್ರದಲ್ಲಿ ತೆರಿಗೆ 1,206ರ ಬದಲು 1,272 ಎಂದಿತ್ತು. ಸಾಲುಸಾಲು ನೋಡಿದಾಗ ಕಂಡದ್ದು, ಹೆಂಡತಿಯ ಭಾರತದ ಸಂಬಳದಲ್ಲಿ 1,230ರ ಕಡಿತ ಕೊಟ್ಟಿರಲಿಲ್ಲ. ಆಕೆಗೆ ಜರ್ಮನಿಯಲ್ಲಿ ಸಂಬಳವೇ ಇಲ್ಲದ್ದರಿಂದ ಆ ಕಡಿತ ವಿದೇಶಿ ಸಂಬಳದಲ್ಲಿ ಸಿಗಲೇಬೇಕು. ಪತ್ರ ತಲುಪಿದ ಒಂದು ತಿಂಗಳೊಳಗೆ ಆಕ್ಷೇಪಣೆಗೆ ಅವಕಾಶವಿದೆ, ಶುಲ್ಕವಿಲ್ಲ. ಎಲ್‌ಸ್ಟರ್‌ನಲ್ಲೇ ನಾಲ್ಕು ಸಾಲು ಬರೆದು ಹಾಕಿದರು. ತಿದ್ದಿದ ಪತ್ರವೂ 66 ಯೂರೋವೂ ಬಂದವು. ಅಷ್ಟರಲ್ಲಿ ಅಂಚೆಪೆಟ್ಟಿಗೆಯ ಮೇಲೆ ಮೂವರ ಹೆಸರೂ ಇತ್ತು.